ಒಂದನೇ ಲೆವೆಲ್ಲಿನ ಕ್ಷೀರಸಾಗರ ಭಟ್ಟ

ನನ್ನ ತಂಗಿಯ ಮಗ ಶನಿವಾರ ಸಂಜೆಯ ಮೇಲೆ ಫೋನ್ ಎತ್ತುವುದಿಲ್ಲ. ಬೆಂಗಳೂರಿನಲ್ಲಿ ಯಾರೋ ಗೆಳೆಯನ ಮನೆಯಲ್ಲಿ ಐದಾರು ಜನ ಮೇಜಿನ ಸುತ್ತ ಕೂತು, ಹಾಳೆ, ಪೆನ್ಸಿಲ್ಲು, ಬಣ್ಣಬಣ್ಣದ ದಾಳಗಳನ್ನು ಹರಡಿಕೊಂಡು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿರುತ್ತಾರೆ. ತಾಳಮದ್ದಲೆ ನೋಡಿದವರಿಗೆ ಈ ಆಟ ಬೇಗ ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಡಂಜನ್ ಮಾಸ್ಟರ್ ಎಂಬ ಸೂತ್ರಧಾರ ಊರು, ಕಾಡು, ರಾಕ್ಷಸರನ್ನು ಬಣ್ಣಿಸುತ್ತಾನೆ. ತಾಳಮದ್ದಲೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ದಾಳ ಬೀಳುವವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ಹೋದ ತಿಂಗಳು ಅವನೇ ಫೋನ್ ಮಾಡಿದ. “ಮಾಮ, ಹೊಸ ಆಟ ಶುರು ಮಾಡ್ತಿದೀವಿ. ನಾನು ವಿಝಾರ್ಡ್. ನೀವು ಮೂವತ್ತು ವರ್ಷ ಕಾಲೇಜಲ್ಲಿ ಇದ್ದವರು, ಅವನು ಎಲ್ಲಿ ಓದಿದ, ಏನು ಹುದ್ದೆ ಅಂತ ಸ್ವಲ್ಪ ಕೂಡಿಸಿಕೊಡಿ.” ವಾಟ್ಸ್ಆ್ಯಪ್‌ನಲ್ಲಿ ಕ್ಯಾರೆಕ್ಟರ್ ಶೀಟ್ ಬಂತು. ಎಲ್ಫ್ ಕುಲ, ವಯಸ್ಸು 120. ಮಹಾಮಾಂತ್ರಿಕ, ಮಂತ್ರಪೀಠದ ಹಿರಿಯ ಪ್ರೊಫೆಸರ್, ಮೂವರು ರಾಜರ ಗುರು. ಅದರ ಕೆಳಗೆ ಸಣ್ಣ ಚೌಕದಲ್ಲಿ ಲೆವೆಲ್: 1.

“ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ” ಅಂದೆ. ಹುಡುಗನಿಗೆ ಗಾದೆ ತಲುಪಲಿಲ್ಲ. ಬಿಡಿಸಿ ಹೇಳುವುದಕ್ಕೆ ಮೂರು ಭಾನುವಾರ ಹಿಡಿಯಿತು. ಆ ಮೂರು ಭಾನುವಾರದ ಮಾತೇ ಈ ವಾರದ ಅಂಕಣ.

ಮೊದಲು ಒಂದನೇ ಲೆವೆಲ್ ಅಂದರೆ ಎಷ್ಟು ಅನ್ನುವುದನ್ನು ನೋಡೋಣ. ಅವರು ಆಡುವುದು 2014ರ ನಿಯಮಪುಸ್ತಕ ಇಟ್ಟುಕೊಂಡು. ಅದರ ಪ್ರಕಾರ ಹೊಸ ವಿಝಾರ್ಡನ ಮಂತ್ರಪುಸ್ತಕದಲ್ಲಿ ಇರುವುದು 6 ಮಂತ್ರ. ದಿನಕ್ಕೆ ಪ್ರಯೋಗಿಸಬಹುದಾದದ್ದು ಎರಡು ಸಲ, ನಡುವೆ ಸ್ವಲ್ಪ ವಿಶ್ರಮಿಸಿದರೆ ಇನ್ನೊಂದು ಸಲ. ದೀಪ ಹಚ್ಚುವ, ದೂರದ ವಸ್ತು ಎತ್ತುವಂಥ ಮೂರು ಚಿಲ್ಲರೆ ಮಂತ್ರಗಳನ್ನು ಮಾತ್ರ ಎಷ್ಟು ಸಲವಾದರೂ ಹೇಳಿಕೊಳ್ಳಬಹುದು. ಪ್ರಾಣದ ಅಂಕ 6, ಮೈಕಟ್ಟು ಗಟ್ಟಿಯಾಗಿದ್ದರೆ ಒಂದೆರಡು ಹೆಚ್ಚು. ಬೇರೆಯವರ ಪುಸ್ತಕದಿಂದ ಹೊಸ ಮಂತ್ರ ನಕಲು ಮಾಡಿಕೊಳ್ಳಲು ಅತಿ ಸಣ್ಣ ಮಂತ್ರಕ್ಕೇ 2 ಗಂಟೆ ಸಮಯ, 50 ಚಿನ್ನದ ನಾಣ್ಯ ಬೇಕು. ಹುಡುಗ ಆರಿಸಿಕೊಂಡ ‘ಸೇಜ್’, ಅಂದರೆ ವಿದ್ವಾಂಸ ಎಂಬ ಹಿನ್ನೆಲೆಯವನಿಗೆ ಆಟದ ಆರಂಭದಲ್ಲಿ ಕೈಗೆ ಸಿಗುವುದು 10 ನಾಣ್ಯ. ಮೂವರು ರಾಜರ ಗುರುವಿಗೆ ಒಂದೇ ಒಂದು ಮಂತ್ರ ನಕಲು ಮಾಡಿಕೊಳ್ಳುವಷ್ಟು ಕಾಸಿಲ್ಲ! ಆ ಮೂವರೂ ದಕ್ಷಿಣೆ ಕೊಡದ ರಾಜರೇ ಇರಬೇಕು.

ಈ ಆಟದಲ್ಲಿ ಮಂತ್ರ ಬಲ್ಲವರೆಲ್ಲ ಒಂದೇ ಬಗೆಯವರಲ್ಲ ಅನ್ನುವುದೂ ಇಲ್ಲಿ ಮುಖ್ಯ. ಸಾರ್ಸರರ್ ಎಂಬವನಿಗೆ ಶಕ್ತಿ ಹುಟ್ಟಿನಿಂದ, ರಕ್ತದಲ್ಲೇ ಬಂದಿರುತ್ತದೆ. ವಾರ್ಲಾಕ್ ತನಗಿಂತ ದೊಡ್ಡ ಯಾವುದೋ ಶಕ್ತಿಯ ಜೊತೆ ಕರಾರು ಮಾಡಿಕೊಂಡು ಪಡೆದಿರುತ್ತಾನೆ. ವಿಝಾರ್ಡ್ ಓದಿ ಕಲಿತವನು. ಆದ್ದರಿಂದ ಸಾರ್ಸರರ್ ಎದುರಾದರೆ ಯಾರ ಮಗ ಅಂತ ಕೇಳಬೇಕು, ವಾರ್ಲಾಕ್ ಎದುರಾದರೆ ಯಾರಿಗೆ ಬಾಕಿ ಅಂತ ಕೇಳಬೇಕು. ವಿಝಾರ್ಡನಿಗೆ ನಾವು ಮೇಷ್ಟ್ರುಗಳು ಕೇಳುವ ಪ್ರಶ್ನೆಗಳೇ ಸಾಕು. ಎಲ್ಲಿ ಓದಿದೆಯಪ್ಪ, ಫೀಸು ಯಾರು ಕಟ್ಟಿದರು, ಪಾಸಾಯಿತೋ, ಎಷ್ಟನೇ ಸಲಕ್ಕೆ?

ಇಂಗ್ಲಿಷಿನಲ್ಲಿ ವಿಝಾರ್ಡ್ ಎಂಬ ಪದ ಹುಟ್ಟಿರುವುದು ‘ಜಾಣ’, ‘ತಿಳಿದವ’ ಎಂಬರ್ಥದ ‘ವೈಸ್’ ಎಂಬ ಮಾತಿನಿಂದ. ಮೊದಲು ಅದರ ಅರ್ಥ ಪಂಡಿತ ಅಂತಲೇ ಇತ್ತು. ಮಾಟಗಾರ ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ನಮ್ಮಲ್ಲೂ ಪಂಡಿತ ಅಂದರೆ ವ್ಯಾಕರಣ ಹೇಳಿಕೊಡುವವರೂ ಆಗಬಹುದು, ಹಳ್ಳಿಯಲ್ಲಿ ಬೇರು ತೇಯ್ದು ಮದ್ದು ಕೊಡುವವರೂ ಆಗಬಹುದು. ಓದು ಬರಹ ಬಲ್ಲವನಿಗೆ ಇನ್ನೂ ಏನೋ ಗೊತ್ತಿದೆ ಎಂಬ ಗುಮಾನಿ ಎಲ್ಲ ಊರಿನ ಜನರಿಗೂ ಇದ್ದದ್ದೇ.

ಹುದ್ದೆಯ ವಿಷಯಕ್ಕೆ ಬರುತ್ತೇನೆ. ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯಲ್ಲಿ ಕೆಲಸ ಮಾಡಿದ್ದವನು. ಆ ಕಸುಬಿನ ಅಭ್ಯಾಸವೋ ಏನೋ, ಅವನಿಗೆ ಕೋಷ್ಟಕಗಳೆಂದರೆ ಪ್ರಾಣ. ಅವನು 1978ರಲ್ಲಿ ಹೊರತಂದ ಆಟಗಾರರ ಕೈಪಿಡಿಯಲ್ಲಿ ಮಂತ್ರವಾದಿಯ ಒಂದೊಂದು ಲೆವೆಲ್ಲಿಗೂ ಒಂದೊಂದು ಬಿರುದು ಇದೆ. ಒಂದನೇ ಲೆವೆಲ್ಲಿನವನು ಪ್ರೆಸ್ಟಿಡಿಜಿಟೇಟರ್, ಅಂದರೆ ಜಾತ್ರೆಯಲ್ಲಿ ಕೈಚಳಕ ತೋರಿಸುವವನು. ಎರಡಕ್ಕೆ ಇವೋಕರ್, ಮೂರಕ್ಕೆ ಕಂಜ್ಯೂರರ್, ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಏರಿ ಎಂಟಕ್ಕೆ ವಾರ್ಲಾಕ್, ಒಂಬತ್ತಕ್ಕೆ ಸಾರ್ಸರರ್, ಹತ್ತಕ್ಕೆ ನೆಕ್ರೊಮ್ಯಾನ್ಸರ್. ವಿಝಾರ್ಡ್ ಅಂತ ಅನ್ನಿಸಿಕೊಳ್ಳಬೇಕಾದರೆ 11ನೇ ಲೆವೆಲ್ ಮುಟ್ಟಬೇಕು, ಅನುಭವದ ಅಂಕ 3,75,000 ದಾಟಬೇಕು. ಮರುವರ್ಷ ಬಂದ ಸೂತ್ರಧಾರರ ಪುಸ್ತಕದಲ್ಲಿ ಫೀಸೂ ನಿಗದಿಯಾಯಿತು. ಅಂಕ ಸೇರಿದ ಮಾತ್ರಕ್ಕೆ ಬಡ್ತಿ ಸಿಗದು. ಗುರುವಿನ ಬಳಿ ವಾರಗಟ್ಟಲೆ ತರಬೇತಿ ಪಡೆಯಬೇಕು, ಒಂದೊಂದು ವಾರಕ್ಕೂ ಲೆವೆಲ್ ಗುಣಿಸು 1,500 ಚಿನ್ನದ ನಾಣ್ಯ ತೆರಬೇಕು. ಈ ಪಟ್ಟಿ ನೋಡಿ ನನಗೆ ನಮ್ಮ ಇಲಾಖೆಯ ಇನ್ಕ್ರಿಮೆಂಟ್ ಆದೇಶಗಳು ನೆನಪಾದವು.

1989ರ ಎರಡನೇ ಆವೃತ್ತಿಯಲ್ಲಿ ಈ ಬಿರುದುಗಳನ್ನು ಕೈಬಿಟ್ಟರು. ಬಿಟ್ಟದ್ದು ಸರಿಯೇ ಅಂತ ನನ್ನ ಅಭಿಪ್ರಾಯ. ಶಕ್ತಿ ಇದ್ದಷ್ಟೇ ಬಿರುದು, ಬಿರುದು ಇದ್ದಷ್ಟೇ ಶಕ್ತಿ ಅಂತಾದರೆ ಮನುಷ್ಯನ ಬಗ್ಗೆ ತಿಳಿಯಬೇಕಾದ್ದು ಏನೂ ಉಳಿಯುವುದಿಲ್ಲ. ಜಗತ್ತಿನ ಯಾವ ಕಚೇರಿಯಲ್ಲೂ ಹಾಗಿಲ್ಲ, ಕಾಲೇಜುಗಳಲ್ಲಂತೂ ಇಲ್ಲವೇ ಇಲ್ಲ. ಹುದ್ದೆಗೂ ವಿದ್ಯೆಗೂ ತಾಳೆಯಾಗದ ಜಾಗ ಎಲ್ಲಿದೆಯೋ ಅಲ್ಲಿ ಬೆರಳಿಟ್ಟರೆ ಪಾತ್ರ ಸಿಗುತ್ತದೆ ಅಂತ ಹುಡುಗನಿಗೆ ಹೇಳಿದೆ. “ಅಂದ್ರೆ ನನ್ನ ಶೀಟು ಸರಿಯಾಗೇ ಇದೆಯಲ್ಲ ಮಾಮ” ಅಂದ. ತಾಳೆಯಾಗದಿರುವುದು ಸರಿ, ಯಾಕೆ ತಾಳೆಯಾಗಿಲ್ಲ ಅಂತ ಬರೆದಿಲ್ಲವಲ್ಲ ಮಾರಾಯ.

ಈ ‘ಯಾಕೆ’ಗೆ ಉತ್ತರ ಹುಡುಕಲು ಹಳೆಯ ವಿಶ್ವವಿದ್ಯಾಲಯಗಳ ಲೆಕ್ಕ ಒಳ್ಳೆಯ ಸಹಾಯ. ಇಂಥ ಆಟಗಳ ಲೋಕ ಮಧ್ಯಯುಗದ ಯುರೋಪನ್ನು ಹೋಲುವುದರಿಂದ ಅಲ್ಲಿನ ಅಳತೆಗೋಲು ಇಲ್ಲಿಗೂ ಹೊಂದುತ್ತದೆ. 1215ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ಪೋಪನ ಪ್ರತಿನಿಧಿ ಒಂದು ನಿಯಮಾವಳಿ ಹಾಕಿಕೊಟ್ಟ. ಕಲಾ ವಿಭಾಗದಲ್ಲಿ ಪಾಠ ಹೇಳಬೇಕಾದರೆ 21 ವರ್ಷ ತುಂಬಿರಬೇಕು, ಅದಕ್ಕೆ ಮುಂಚೆ ಆರು ವರ್ಷ ಪಾಠ ಕೇಳಿರಬೇಕು. ದೇವತಾಶಾಸ್ತ್ರ ಹೇಳುವವನಿಗೆ 35 ಆಗಿರಬೇಕು. ಆಗಿನ ಕಾಲಕ್ಕೆ ಮಾಸ್ಟರ್, ಡಾಕ್ಟರ್, ಪ್ರೊಫೆಸರ್ ಎಂಬ ಮೂರು ಮಾತೂ ಹೆಚ್ಚುಕಡಿಮೆ ಒಂದೇ: ಪಾಠ ಹೇಳುವ ಹಕ್ಕುಳ್ಳವನು. ಬ್ಯಾಚುಲರ್ ಅಂದರೆ ಇನ್ನೂ ಕಲಿಯುತ್ತ, ಗುರುವಿನ ಕಣ್ಣಳತೆಯಲ್ಲಿ ಒಂದಿಷ್ಟು ಕಲಿಸುತ್ತ ಇರುವವನು. ಬಡಗಿ, ಕಮ್ಮಾರ, ಅಕ್ಕಸಾಲಿಗರ ಕಸುಬಿನ ಸಂಘಗಳಲ್ಲಿ ಇದ್ದ ಏಣಿಯೇ ಇದು. ಕೆಲಸ ಕಲಿಯುವ ಹುಡುಗ, ಕೂಲಿಗೆ ದುಡಿಯುವ ಕುಶಲಿ, ಆಮೇಲೆ ಸ್ವಂತ ಅಂಗಡಿ ತೆರೆಯುವ ಮೇಸ್ತ್ರಿ.

1987ರಲ್ಲಿ ಬಂದ ‘ಆರ್ಸ್ ಮ್ಯಾಜಿಕಾ’ ಎಂಬ ಇನ್ನೊಂದು ಆಟ ಇದನ್ನು ಚೆನ್ನಾಗಿ ಅರಗಿಸಿಕೊಂಡಿದೆ. ಅದರ ಕಥೆ ನಡೆಯುವುದೇ ಆ ಕಾಲದ ಯುರೋಪಿನಲ್ಲಿ, ಸಾಮಾನ್ಯವಾಗಿ 1220ರಲ್ಲಿ, ಅಂದರೆ ಪ್ಯಾರಿಸಿನ ನಿಯಮ ಬಂದ ಐದೇ ವರ್ಷಕ್ಕೆ. ಅಲ್ಲಿ ಮಾಂತ್ರಿಕನಾಗಲು ಒಬ್ಬ ಗುರುವಿನ ಮನೆಯಲ್ಲಿ 15 ವರ್ಷ ಶಿಷ್ಯವೃತ್ತಿ ಮಾಡಬೇಕು, ಕೊನೆಗೆ ಒಂದು ಪರೀಕ್ಷೆ ದಾಟಬೇಕು. ಪಾತ್ರ ಕಟ್ಟುವಾಗ ಆಟಗಾರ ಬಾಲ್ಯಕ್ಕಿಷ್ಟು, ಶಿಷ್ಯವೃತ್ತಿಗಿಷ್ಟು ಅಂತ ವರ್ಷಗಳ ಲೆಕ್ಕ ಒಪ್ಪಿಸಬೇಕು. ‘ಮಧ್ಯೆ ನಾಲ್ಕು ವರ್ಷ ಏನು ಮಾಡಿದಿರಿ’ ಅಂತ ಸಂದರ್ಶನದಲ್ಲಿ ಕೇಳುವ ಪ್ರಶ್ನೆಯನ್ನು ಆ ಆಟ ನಿಯಮವನ್ನಾಗಿಯೇ ಮಾಡಿಕೊಂಡಿದೆ.

ನಮ್ಮ ಹುಡುಗನ ಎಲ್ಫ್‌ಗೆ 120 ವರ್ಷ. ಮೇಲ್ನೋಟಕ್ಕೆ ದೊಡ್ಡ ವಯಸ್ಸು. ಆದರೆ ಅದೇ 2014ರ ಪುಸ್ತಕ ಹೇಳುವಂತೆ ಎಲ್ಫ್‌ಗಳ ದೇಹ ಮನುಷ್ಯರಷ್ಟೇ ಬೇಗ ಬಲಿಯುತ್ತದೆ, ಲೋಕ ಕಂಡು ದೊಡ್ಡವನಾದೆ ಅಂತ ಹೆಸರಿಟ್ಟುಕೊಳ್ಳುವುದು ಮಾತ್ರ ಸುಮಾರು 100ಕ್ಕೆ, ಆಯಸ್ಸು 750ರವರೆಗೆ. ಆ ಲೆಕ್ಕದಲ್ಲಿ 120 ಅಂದರೆ ಡಿಗ್ರಿ ಮುಗಿಸಿ ಊರಿಗೆ ಬಂದು ಕಟ್ಟೆಯ ಮೇಲೆ ಕೂತ ಹುಡುಗ. ಹಿರಿಯ ಪ್ರೊಫೆಸರ್ ಅಲ್ಲಿಗೇ ಬಿದ್ದುಹೋದ.

ಮಂತ್ರವಾದಿಗಳ ವಿಶ್ವವಿದ್ಯಾಲಯ ಹೇಗಿರುತ್ತದೆ ಅಂತ ನೋಡಬೇಕಾದರೆ ಟೆರ್ರಿ ಪ್ರಾಚೆಟ್‌ನ ‘ಡಿಸ್ಕ್‌ವರ್ಲ್ಡ್’ ಕಾದಂಬರಿಗಳ ಅನ್‌ಸೀನ್ ಯೂನಿವರ್ಸಿಟಿಗೆ ಹೋಗಬೇಕು. ನಾನು ಅದನ್ನು ಓದಿದ್ದು ತೀರಾ ತಡವಾಗಿ, ನಿವೃತ್ತಿಯ ಮೇಲೆ. ಮೊದಲೇ ಓದಿದ್ದರೆ ಎಷ್ಟೋ ಸ್ಟಾಫ್ ಮೀಟಿಂಗುಗಳಲ್ಲಿ ನಗು ತಡೆಯುವುದು ಕಷ್ಟವಾಗುತ್ತಿತ್ತು. ಅಲ್ಲಿನ ಮಂತ್ರವಾದಿಗಳಲ್ಲಿ ಎಂಟು ಶ್ರೇಣಿ. ಮೇಲಿನ ಶ್ರೇಣಿಗಳಲ್ಲಿ ಜಾಗ ಕಡಿಮೆ, ಮೇಲಿರುವವನು ತಾನಾಗಿ ಸಾಯುವುದಿಲ್ಲ, ಹಾಗಾಗಿ ಕೆಳಗಿನವನು ಸಾಯಿಸಬೇಕು. ಬಡ್ತಿಯ ಕ್ರಮವೇ ಕೊಲೆ. 1986ರ ‘ದ ಲೈಟ್ ಫೆಂಟಾಸ್ಟಿಕ್’ನಲ್ಲಿ ಟ್ರೈಮನ್ ಎಂಬವನು ಕುಲಪತಿಯ ಕುರ್ಚಿಗೆ ಹೊಂಚು ಹಾಕುವ ರೀತಿ ನೋಡಬೇಕು: ಅಚ್ಚುಕಟ್ಟು, ಶಿಸ್ತು, ಪಟ್ಟಿ ಮಾಡಿಕೊಂಡು ಕೆಲಸ. ಅದೇ ಕಾದಂಬರಿಯಲ್ಲಿ ಗ್ರಂಥಪಾಲಕನೊಬ್ಬ ಮಂತ್ರದ ಅವಘಡದಲ್ಲಿ ಒರಾಂಗುಟಾನ್ ಆಗುತ್ತಾನೆ. ಮತ್ತೆ ಮನುಷ್ಯನಾಗಲು ಅವನು ಒಪ್ಪುವುದಿಲ್ಲ. ಎತ್ತರದ ಕಪಾಟುಗಳಿಗೆ ಉದ್ದ ಕೈಯೇ ಅನುಕೂಲ.

1990ರ ‘ಮೂವಿಂಗ್ ಪಿಕ್ಚರ್ಸ್’ನಲ್ಲಿ ಮಸ್ಟ್ರಮ್ ರಿಡ್ಕಲಿ ಕುಲಪತಿಯಾಗಿ ಬರುತ್ತಾನೆ. ಹಿನ್ನೆಲೆಯಿಂದ ಹುದ್ದೆ, ಹುದ್ದೆಯಿಂದ ಸ್ವಭಾವ ಹುಟ್ಟುವುದಕ್ಕೆ ಇವನಿಗಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. 27ನೇ ವಯಸ್ಸಿಗೇ ಏಳನೇ ಶ್ರೇಣಿ ಮುಟ್ಟಿದ ಪ್ರತಿಭಾವಂತ. ಮುಟ್ಟಿದವನೇ ಮನೆಯ ಜಮೀನು ನೋಡಿಕೊಳ್ಳಲು ಹಳ್ಳಿಗೆ ಹೋಗಿಬಿಟ್ಟ. ನಲವತ್ತು ವರ್ಷದ ಮೇಲೆ ಪ್ರಾಧ್ಯಾಪಕರೆಲ್ಲ ಸೇರಿ ಅವನನ್ನು ಕರೆಸಿ ಕುಲಪತಿ ಮಾಡಿದರು. ಅವರ ಲೆಕ್ಕಾಚಾರ ಏನೆಂದರೆ, ಹಳ್ಳಿಯ ಸಾಧು ಮನುಷ್ಯ, ಹಕ್ಕಿ ನೋಡಿಕೊಂಡು, ಹೂ ನೋಡಿಕೊಂಡು ಸುಮ್ಮನಿರುತ್ತಾನೆ. ಬಂದವನು ಬೇಟೆಗಾರ, ಗಟ್ಟಿ ದನಿಯವನು, ನಸುಕಿಗೆ ಎದ್ದು ಓಡುವವನು. ಯಾರ ಕೈಯಲ್ಲೂ ಸಾಯದವನು. ಅಲ್ಲಿಗೆ ಕೊಲೆಯ ಬಡ್ತಿ ನಿಂತುಹೋಯಿತು. ಎಲ್ಲರೂ ಇದ್ದಲ್ಲೇ ಉಂಡು ದಪ್ಪಗಾದರು. ನಿರುಪದ್ರವಿ ಅಂತ ಆರಿಸಿದವನೇ ತಲೆ ಮೇಲೆ ಕೂರುವುದು ಎಲ್ಲಿ ಆಗಿಲ್ಲ ಹೇಳಿ.

ಅದೇ ಪುಸ್ತಕದಲ್ಲಿ ಪಾಂಡರ್ ಸ್ಟಿಬನ್ಸ್ ಎಂಬ ವಿದ್ಯಾರ್ಥಿ ಪಾಸಾಗುವ ಬಗೆ ಇನ್ನೂ ಚೆನ್ನ. ಅವನ ಸಹಪಾಠಿ ವಿಕ್ಟರ್‌ಗೆ ಚಿಕ್ಕಪ್ಪನ ಉಯಿಲಿನಿಂದ ದುಡ್ಡು ಬರುತ್ತಿರುತ್ತದೆ. ಷರತ್ತು, ಅವನು ವಿದ್ಯಾರ್ಥಿಯಾಗಿರುವಷ್ಟು ಕಾಲ ಮಾತ್ರ, ಅದೂ 80ಕ್ಕಿಂತ ಕಡಿಮೆ ಅಂಕ ಬರಬಾರದು. ಪಾಸಾಗಲು ಬೇಕಾದ್ದು 88. ವಿಕ್ಟರ್ ಎಲ್ಲವನ್ನೂ ಚೆನ್ನಾಗಿ ಓದಿಕೊಂಡು, ಪ್ರತಿ ಸಲವೂ ಎಣಿಸಿದಂತೆ 84 ತೆಗೆಯುತ್ತಾನೆ. ಕೊನೆಗೆ ಬೇಸತ್ತ ಅಧ್ಯಾಪಕರು ಅವನನ್ನು ಹೇಗಾದರೂ ಪಾಸು ಮಾಡಲೇಬೇಕೆಂದು ಅವನಿಗೆಂದೇ ಒಂದು ಪ್ರಶ್ನೆಪತ್ರಿಕೆ ತಯಾರಿಸುತ್ತಾರೆ. ಅದರಲ್ಲಿರುವುದು ಒಂದೇ ಪ್ರಶ್ನೆ: ನಿನ್ನ ಹೆಸರೇನು? ಆ ದಿನ ವಿಕ್ಟರ್ ಪರೀಕ್ಷೆಗೆ ಬರುವುದಿಲ್ಲ, ಪತ್ರಿಕೆ ಪಾಂಡರನ ಮೇಜಿಗೆ ಬೀಳುತ್ತದೆ. ಅವನು ಉತ್ತರ ಬರೆದು ಮಂತ್ರವಾದಿಯಾಗುತ್ತಾನೆ. ಮುಂದೆ ಅವನೇ ಇಡೀ ವಿಶ್ವವಿದ್ಯಾಲಯದಲ್ಲಿ ನಿಜವಾಗಿ ಕೆಲಸ ಮಾಡುವ ಮನುಷ್ಯ. ಯಾರಿಗೂ ಬೇಡದ ಹುದ್ದೆಗಳನ್ನೆಲ್ಲ ಒಂದೊಂದಾಗಿ ಅವನ ತಲೆಗೆ ಕಟ್ಟುತ್ತಾರೆ. 2009ರ ‘ಅನ್‌ಸೀನ್ ಅಕಡೆಮಿಕಲ್ಸ್’ ಹೊತ್ತಿಗೆ ಅವನಿಗೆ ಎಷ್ಟು ಹುದ್ದೆಗಳೆಂದರೆ, ಆಡಳಿತ ಮಂಡಳಿಯಲ್ಲಿ ಬಹುಮತವೇ ಅವನೊಬ್ಬನದು. ಅದನ್ನು ಎಣಿಸಿ ನೋಡಿಕೊಂಡವನೂ ಅವನೊಬ್ಬನೇ.

ಇದಕ್ಕೆ ಎದುರು ತುದಿಯಲ್ಲಿ ರಿನ್ಸ್‌ವಿಂಡ್ ಇದ್ದಾನೆ. 1983ರ ಮೊದಲ ಕಾದಂಬರಿಯಿಂದಲೂ ಇರುವವನು. ಓದಿಗೆ ಸೇರಿದವನು ಒಂದು ದಿನ ತೆರೆಯಬಾರದ ಪುಸ್ತಕ ತೆರೆದ. ಅದರಲ್ಲಿದ್ದ ಎಂಟು ಮಹಾಮಂತ್ರಗಳಲ್ಲಿ ಒಂದು ಹಾರಿ ಬಂದು ಅವನ ತಲೆಯೊಳಗೆ ಕೂತುಬಿಟ್ಟಿತು. ಅದರ ಭಯಕ್ಕೆ ಬೇರೆ ಯಾವ ಮಂತ್ರವೂ ಆ ತಲೆಯಲ್ಲಿ ನಿಲ್ಲುವುದಿಲ್ಲ. ಡಿಗ್ರಿ ಇಲ್ಲ, ಮಂತ್ರ ಬರುವುದಿಲ್ಲ, ತಲೆ ಮೇಲಿನ ಟೋಪಿಯಲ್ಲಿ ಮಾತ್ರ ‘ವಿಝಾರ್ಡ್’ ಅಂತ ಬರೆದುಕೊಂಡಿದ್ದಾನೆ, ಅದೂ ಒಂದು ಅಕ್ಷರ ಹೆಚ್ಚಿಗೆ ಹಾಕಿ. ಮುಂದಿನ ಪುಸ್ತಕಗಳಲ್ಲಿ ಅವನಿಗೆ ಪ್ರೊಫೆಸರ್ ಹುದ್ದೆಯೂ ಸಿಗುತ್ತದೆ. ವಿಷಯ, ‘ಕ್ರೂರ ಮತ್ತು ಅಸಾಮಾನ್ಯ ಭೂಗೋಳ’. ಜಗತ್ತಿನ ಎಲ್ಲ ಭಯಂಕರ ಜಾಗಗಳಿಂದಲೂ ಓಡಿ ಬಂದು ಬದುಕಿದವನು ಅವನೊಬ್ಬನೇ ಆದ್ದರಿಂದ ಆಯ್ಕೆಯಲ್ಲಿ ತಪ್ಪು ಹುಡುಕುವಂತಿಲ್ಲ.

ಇಲ್ಲೊಂದು ತಮಾಷೆಯಿದೆ. ಈ ವಿಶ್ವವಿದ್ಯಾಲಯ ಕಟ್ಟಿದ ಪ್ರಾಚೆಟ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1965ರಲ್ಲಿ, 17ನೇ ವಯಸ್ಸಿಗೆ ಶಾಲೆ ಬಿಟ್ಟು ‘ಬಕ್ಸ್ ಫ್ರೀ ಪ್ರೆಸ್’ ಎಂಬ ಊರ ಪತ್ರಿಕೆಗೆ ಸೇರಿದ. ಬಹಳ ಕಾಲದ ಮೇಲೆ, 1999ರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2010ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಅಡ್‌ಜಂಕ್ಟ್ ಪ್ರೊಫೆಸರ್ ಮಾಡಿಕೊಂಡಿತು. ಬಿರುದುಗಳ ಕೋಷ್ಟಕ ಬರೆದ ಗೈಗ್ಯಾಕ್ಸ್ ಹೈಸ್ಕೂಲನ್ನೇ ಮುಗಿಸಿರಲಿಲ್ಲ. 1925ರಿಂದ 1959ರವರೆಗೆ ಆಕ್ಸ್‌ಫರ್ಡಿನಲ್ಲಿ ನಿಜವಾದ ಪ್ರೊಫೆಸರ್ ಆಗಿದ್ದ ಟೋಲ್ಕಿನ್ ಮಾತ್ರ ತನ್ನ ಮಂತ್ರವಾದಿಗಳಿಗೆ ಶಾಲೆಯನ್ನೂ ಕೊಡಲಿಲ್ಲ, ಡಿಗ್ರಿಯನ್ನೂ ಕೊಡಲಿಲ್ಲ. ನಿಲುವಂಗಿಯ ಬಣ್ಣದಲ್ಲೇ ಅವರ ಮೇಲು ಕೀಳು: ಸರುಮಾನ್ ಬಿಳಿ, ಗ್ಯಾಂಡಾಲ್ಫ್ ಬೂದು. ಬೂದು ಬಣ್ಣದವನೇ ದೊಡ್ಡವನು ಅಂತ ತಿಳಿಯಲು ಓದುಗ ಸಾವಿರ ಪುಟದ ದಾರಿ ಸವೆಸಬೇಕು. ದಿನಾ ಉತ್ತರ ಪತ್ರಿಕೆ ತಿದ್ದಿದವನಿಗೆ ಕಥೆಯಲ್ಲೂ ಪರೀಕ್ಷೆ ನಡೆಸುವ ಉಮೇದು ಇರಲಿಲ್ಲವೇನೋ.

ಅರ್ಸುಲಾ ಲೆ ಗ್ವಿನ್ ಇವರ ನಡುವೆ ನಿಲ್ಲುತ್ತಾಳೆ. ಎಂ.ಎ. ಮುಗಿಸಿ ಡಾಕ್ಟರೇಟಿಗೆ ಫ್ರಾನ್ಸಿಗೆ ಹೊರಟವಳು 1953ರಲ್ಲಿ ಮದುವೆಯಾಗಿ ಅದನ್ನು ಅರ್ಧಕ್ಕೆ ಬಿಟ್ಟಳು. 1968ರಲ್ಲಿ ಬಂದ ಅವಳ ‘ಎ ವಿಝಾರ್ಡ್ ಆಫ್ ಅರ್ತ್‌ಸೀ’ಯ ನಾಯಕ ಗೆಡ್, ಗಾಂಟ್ ಎಂಬ ದ್ವೀಪದ ಕಂಚುಗಾರನ ಮಗ, ಆಡು ಕಾಯುವ ಹುಡುಗ. ತಾಯಿ ಇಲ್ಲ. ಮೊದಲ ಮಂತ್ರ ಹೇಳಿಕೊಟ್ಟವಳು ಊರಿನ ಮಾಟಗಾತಿಯಾದ ದೊಡ್ಡಮ್ಮ. ಆಮೇಲೆ ಓಗಿಯನ್ ಎಂಬ ಮಹಾಮೌನಿ ಗುರು ಸಿಗುತ್ತಾನೆ, ಹುಡುಗ ಆ ಮೌನ ಸಹಿಸದೆ ರೋಕ್ ದ್ವೀಪದ ಶಾಲೆಗೆ ಹೋಗುತ್ತಾನೆ. ಅಲ್ಲಿ ಒಂಬತ್ತು ಮಂದಿ ಆಚಾರ್ಯರು, ಅವರ ಮೇಲೊಬ್ಬ ಆರ್ಚ್‌ಮೇಜ್. ಒಬ್ಬರು ಗಾಳಿ ಕಟ್ಟುವುದನ್ನು, ಒಬ್ಬರು ಗಿಡಮೂಲಿಕೆಯನ್ನು, ಒಬ್ಬರು ಬರೀ ಹೆಸರುಗಳನ್ನು ಕಲಿಸುತ್ತಾರೆ. ಆಚಾರ್ಯರಲ್ಲೊಬ್ಬ ಬಾಗಿಲು ಕಾಯುವವನು. ಕೊನೆಯ ಪರೀಕ್ಷೆ ಅವನದೇ: ನನ್ನ ನಿಜನಾಮ ಕಂಡುಹಿಡಿ, ಹೊರಗೆ ಬಿಡುತ್ತೇನೆ. ಗೆಡ್ ಎಷ್ಟೋ ಹೊತ್ತು ಯೋಚಿಸಿ, ಯಾವ ಮಂತ್ರದಿಂದಲೂ ಆಗದು ಅಂತ ತಿಳಿದು, ನೇರವಾಗಿ ಅವನನ್ನೇ ಕೇಳುತ್ತಾನೆ. ಅವನು ಹೇಳುತ್ತಾನೆ. ಪಾಸು. ಒಂದು ಶಾಲೆಯಲ್ಲಿ ಸ್ವಂತ ಹೆಸರು ಬರೆದು ಪಾಸಾಗುತ್ತಾರೆ, ಇನ್ನೊಂದರಲ್ಲಿ ಮೇಷ್ಟ್ರ ಹೆಸರು ಕೇಳಿ ಪಾಸಾಗುತ್ತಾರೆ!

ಆದರೆ ಗೆಡ್‌ನ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಮೊದಲ ಪೋಸ್ಟಿಂಗ್. ಶಾಲೆಯಲ್ಲಿ ಅವನಷ್ಟು ಶಕ್ತಿಯವರು ಯಾರೂ ಇರಲಿಲ್ಲ. ಅಹಂಕಾರದಿಂದ ಸತ್ತವರನ್ನು ಕರೆಯಲು ಹೋಗಿ ಒಂದು ಕರಿನೆರಳನ್ನು ಲೋಕಕ್ಕೆ ಬಿಟ್ಟ, ಅವನನ್ನು ಉಳಿಸಲು ಹೋಗಿ ಹಿರಿಯ ಆರ್ಚ್‌ಮೇಜ್ ಪ್ರಾಣ ಬಿಟ್ಟ. ಅಂಥವನು ಮಂತ್ರದಂಡ ಪಡೆದು ಹೊರಟದ್ದು ಯಾವ ರಾಜನ ಆಸ್ಥಾನಕ್ಕೂ ಅಲ್ಲ. ಪಕ್ಕದ ದ್ವೀಪದಲ್ಲಿ ಡ್ರ್ಯಾಗನ್ನುಗಳಿವೆ, ನಮಗೊಬ್ಬ ಮಂತ್ರವಾದಿ ಬೇಕು ಅಂತ ಅರ್ಜಿ ಹಾಕಿದ್ದ ಬಡ ಮೀನುಗಾರರ ಲೋ ಟಾರ್ನಿಂಗ್ ಎಂಬ ಊರಿಗೆ. ಅಲ್ಲಿ ದೋಣಿಗಳಿಗೆ ರಕ್ಷೆ ಕಟ್ಟಿಕೊಂಡು, ಕಾಯಿಲೆ ನೋಡಿಕೊಂಡು ಇದ್ದ. ಶಕ್ತಿ ದೊಡ್ಡದು, ಹುದ್ದೆ ಸಣ್ಣದು, ನಡುವೆ ಒಂದು ತಪ್ಪು. ಮುಂದಿನ ಕಥೆಯೆಲ್ಲ ಆ ಸಂದಿಯಿಂದ ಹೊರಟದ್ದು.

ಹ್ಯಾರಿ ಪಾಟರ್ ಓದಿದ ಮಕ್ಕಳಿಗೆ ಹ್ಯಾಗ್ರಿಡ್‌ನ ಹೆಸರು ಹೇಳಿದರೆ ಸಾಕು. ಮೂರನೇ ವರ್ಷದಲ್ಲಿ ಶಾಲೆಯಿಂದ ಹೊರಗೆ ಹಾಕಿ ಮಂತ್ರದಂಡ ಮುರಿದರು. ಅದೇ ಶಾಲೆಯಲ್ಲಿ ಅವನು ಮುಂದೆ ಪ್ರೊಫೆಸರ್ ಆದ. ಡಿಗ್ರಿಗಳ ಮೂಟೆಯನ್ನೇ ಹೊತ್ತವನು ಬೇಕೆಂದರೆ ಮಾರ್ಲೋನ ನಾಟಕದ ಡಾಕ್ಟರ್ ಫಾಸ್ಟಸ್ ಇದ್ದಾನೆ. ವಿಟೆನ್‌ಬರ್ಗ್‌ನಲ್ಲಿ ತನ್ನ ಓದುಕೋಣೆಯಲ್ಲಿ ಕೂತು ತರ್ಕ, ವೈದ್ಯ, ಕಾನೂನು, ದೇವತಾಶಾಸ್ತ್ರ ಒಂದೊಂದನ್ನೂ ಕೈಗೆತ್ತಿಕೊಂಡು ಇಷ್ಟೇನೇ ಅಂತ ಬದಿಗೆ ಸರಿಸುತ್ತಾನೆ. ಆಮೇಲೆ 24 ವರ್ಷಗಳ ಶಕ್ತಿಗಾಗಿ ಸೈತಾನನಿಗೆ ಆತ್ಮವನ್ನು ಬರೆದುಕೊಡುತ್ತಾನೆ. ಈ ಆಟದ ಭಾಷೆಯಲ್ಲಿ ಹೇಳುವುದಾದರೆ ವಿಝಾರ್ಡ್ ಆಗಿದ್ದವನು ವಾರ್ಲಾಕ್ ಆದ. ನಿಜಲೋಕದಲ್ಲೂ ಒಬ್ಬನಿದ್ದ. ಇಂಗ್ಲೆಂಡಿನ ಜಾನ್ ಡೀ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮೊದಲ ಫೆಲೋಗಳಲ್ಲಿ ಒಬ್ಬ. ನಾಟಕವೊಂದಕ್ಕೆ ಹಾರುವ ಜೀರುಂಡೆಯ ಯಂತ್ರ ಕಟ್ಟಿ, ಮಾಟಗಾರ ಎಂಬ ಹೆಸರು ತಂದುಕೊಂಡ. ಮೊದಲನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕಕ್ಕೆ ಮುಹೂರ್ತ ಇಟ್ಟವನೂ ಅವನೇ. ಕೊನೆಗಾಲಕ್ಕೆ ಮ್ಯಾಂಚೆಸ್ಟರಿನ ಒಂದು ಕಾಲೇಜಿಗೆ ವಾರ್ಡನ್ ಆಗಿ, ಅಲ್ಲಿನ ಫೆಲೋಗಳ ಜೊತೆ ಏಗಿ ಸುಸ್ತಾದ. ದೇವದೂತರ ಜೊತೆ ಮಾತಾಡುತ್ತೇನೆ ಅನ್ನುತ್ತಿದ್ದವನಿಗೂ ಸಹೋದ್ಯೋಗಿಗಳ ಜೊತೆ ಮಾತು ಸಾಗಲಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗ ಮೂರನೇ ಭಾನುವಾರ, “ಸರಿ ಮಾಮ, ಈಗ ನನ್ನವನ ಗತಿ ಏನು?” ಅಂದ. ಉತ್ತರ ಅವನ ನಿಯಮಪುಸ್ತಕದಲ್ಲೇ ಇತ್ತು. ವಿದ್ವಾಂಸ ಎಂಬ ಆ ಹಿನ್ನೆಲೆಯ ಕೆಳಗೆ ಎಂಟು ಬಗೆಯ ಕಸುಬು ಕೊಟ್ಟಿದ್ದಾರೆ. ಪ್ರೊಫೆಸರ್, ಗ್ರಂಥಪಾಲಕ, ಲಿಪಿಕಾರ, ಮಾನ ಕಳೆದುಕೊಂಡ ವಿದ್ವಾಂಸ, ಮಂತ್ರವಾದಿಯ ಶಿಷ್ಯ ಹೀಗೆ. ಅದಕ್ಕಿಂತ ನನಗೆ ಹಿಡಿಸಿದ್ದು ಅವನ ಜೋಳಿಗೆಯಲ್ಲಿ ಏನೇನಿದೆ ಎಂಬ ಪಟ್ಟಿ. ಒಂದು ಸೀಸೆ ಕಪ್ಪು ಮಸಿ, ಗರಿಯ ಲೇಖನಿ, ಸಣ್ಣ ಚಾಕು, ಒಂದು ಜೊತೆ ಬಟ್ಟೆ, ಆ 10 ನಾಣ್ಯ. ಜೊತೆಗೆ ತೀರಿಹೋದ ಸಹೋದ್ಯೋಗಿಯೊಬ್ಬ ಬರೆದ ಪತ್ರ, ಅದರಲ್ಲಿ ಇವನಿಗೆ ಇನ್ನೂ ಉತ್ತರ ಹೊಳೆಯದ ಒಂದು ಪ್ರಶ್ನೆ.

ನಾನು ಅಲ್ಲಿ ತಡೆದು ನಿಂತೆ. ನನ್ನ ಗೈಡ್ ತೀರಿಕೊಂಡಾಗ ಪ್ರಬಂಧದ ಕೊನೆಯ ಅಧ್ಯಾಯ ಬಾಕಿಯಿತ್ತು. ಹೊಸ ಗೈಡ್ ಗೊತ್ತುಮಾಡಲು ವಿಶ್ವವಿದ್ಯಾಲಯ ತೆಗೆದುಕೊಂಡದ್ದು ಎರಡು ವರ್ಷ. ಅಷ್ಟು ದಿನ ಕಟ್ಟು ಬೀರುವಿನಲ್ಲಿತ್ತು. ಆರು ವರ್ಷ ನನ್ನನ್ನು ‘ಏನಯ್ಯಾ, ನೀನು’ ಅಂತ ಮಾತಾಡಿಸಿದ ಮನುಷ್ಯ, ಆಸ್ಪತ್ರೆಯಿಂದ ಬರೆದ ಕೊನೆಯ ಇನ್‌ಲ್ಯಾಂಡ್ ಲೆಟರಿನಲ್ಲಿ ‘ತಾವು’ ಅಂತ ಬರೆದಿದ್ದರು. ಪಿಎಚ್‌.ಡಿ. ಆಮೇಲೆ ಬಂತು, ಅಸೋಸಿಯೇಟ್ ಪ್ರೊಫೆಸರ್ ಅಂತ ಆದೇಶವೂ ಬಂತು, ಸರ್ವಿಸ್ ರಿಜಿಸ್ಟರಿನಲ್ಲಿ ಎರಡೂ ದಾಖಲಾಗಿವೆ. ‘ತಾವು’ ದಾಖಲಾಗುವ ಕಾಲಂ ಅದರಲ್ಲಿ ಇರಲಿಲ್ಲ.

“ಆ ಪತ್ರದಲ್ಲಿ ನಿನ್ನವನನ್ನು ಸಹೋದ್ಯೋಗಿ ಅಂತ ಕರೆದವರು ಯಾರೋ?” ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ಗುರು ಇರಬಹುದು ಅಂದ. ಹಾಗಾದರೆ ಲೆಕ್ಕ ಹತ್ತಿತು. ಇವನು ಹಿರಿಯ ಪ್ರೊಫೆಸರ್ ಅಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತ, ರಾತ್ರಿ ಗುರುವಿನ ಟಿಪ್ಪಣಿಗಳನ್ನು ಶುದ್ಧಪ್ರತಿ ಮಾಡುತ್ತ ಇಪ್ಪತ್ತು ವರ್ಷ ಕಳೆದವನು. ಆರು ಮಂತ್ರ ಕಲಿತದ್ದು ಆ ನಕಲಿನ ಕೆಲಸದಲ್ಲೇ. ಮೂವರು ರಾಜರಿಗೆ ಪಾಠ ಹೇಳಿದವರು ಗುರು. ಇವನು ಪುಸ್ತಕದ ಗಂಟು ಹೊತ್ತುಕೊಂಡು ಹಿಂದೆ ಹೋದವನು. ಪರೀಕ್ಷೆಗೆ ಕೂರುವ ಮೊದಲೇ ಗುರು ಸತ್ತರು. ಪೀಠದವರು ಇವನನ್ನು ಗುರುತಿಸುವುದಿಲ್ಲ. ಇವನಿಗಿರುವ ಏಕೈಕ ನೇಮಕಾತಿ ಆದೇಶ ಆ ಪತ್ರ, ಅದನ್ನು ಯಾರಿಗೂ ತೋರಿಸುವಂತಿಲ್ಲ, ತೋರಿಸಿದರೆ ಪ್ರಶ್ನೆಗೆ ಉತ್ತರ ಏನು ಅಂತ ಕೇಳುತ್ತಾರೆ. ಮಹಾಮಾಂತ್ರಿಕ ಅಂತ ಊರೂರಲ್ಲಿ ಹೇಳಿಕೊಂಡು ತಿರುಗುವುದನ್ನು ಮುಂದುವರಿಸಲಿ, ನನ್ನ ಅಡ್ಡಿಯಿಲ್ಲ. ಈಗ ಆ ಸುಳ್ಳಿಗೂ ಕಾರಣ ಇದೆ.

ಶೀಟು ತಿದ್ದಿ ಮತ್ತೆ ಕಳಿಸಿದ್ದಾನೆ. ಹುದ್ದೆಯ ಜಾಗದಲ್ಲಿ ‘ಗ್ರಂಥಾಲಯ ಸಹಾಯಕ, ತಾತ್ಕಾಲಿಕ’ ಅಂತಿದೆ. ಹೋದ ಶನಿವಾರ ಆಟ ಶುರುವಾಯಿತಂತೆ. ಮೊದಲ ರಾತ್ರಿಯೇ ನೆಲಮಾಳಿಗೆಯಲ್ಲಿ ಒಂದು ಹೆಗ್ಗಣ ಕಚ್ಚಿ, ಪ್ರಾಣದ ಏಳು ಅಂಕದಲ್ಲಿ ನಾಲ್ಕು ಹೋಯಿತು. ಪತ್ರ ಜೋಪಾನವಾಗಿದೆ ಅಂದ.